ಸೂಜಿಗೆ ಮೊದಲು ಕನ್ನಡದ ಮಾತು!

ಗೆಳೆಯರೇ, ಆಸ್ಪತ್ರೆಯ ಬಾಗಿಲಲ್ಲಿ ಕಿವಿ ಮುಚ್ಚಿ ಚೀರುವ ಇಪ್ಪತ್ತರ ಯುವಕನನ್ನು ಕಂಡು 'ಹುಚ್ಚ' ಎನ್ನಬೇಡಿ. ಅವನಿಗೆ ಆಟಿಸಂ ಇರಬಹುದು. ಟ್ಯೂಬ್‌ಲೈಟಿನ ಮಿಣುಕು, ಫಿನಾಯಿಲ್ ವಾಸನೆ, ಹೇಳದೆ ಮೈಮುಟ್ಟುವ ಕೈ ನಮಗೆ ಮಾಮೂಲು, ಅವನಿಗೆ ದಾಳಿ!

ಪರಿಹಾರ ದುಬಾರಿಯಲ್ಲ, ಮುಂಚಿತವಾಗಿ ತಿಳಿಸಿದರೆ ಸಾಕು. ಆಸ್ಪತ್ರೆ ಬಾಗಿಲು, ಕಾಯುವ ಬೆಂಚು, ಡಾಕ್ಟರು, ಸೂಜಿ, ಮನೆಗೆ ವಾಪಸ್ಸು: ಕ್ರಮವಾಗಿ ಐದು ಚಿತ್ರ, ಅಡಿಯಲ್ಲಿ ಒಂದೊಂದು ಸಾಲು ಕನ್ನಡ. ಕೆಲವು ದಿನ ಮೊದಲೇ ಮನೆಯಲ್ಲಿ ತೋರಿಸಿ. ತೋಳಿಗೆ ಬಟ್ಟೆ ಸುತ್ತಿ ಬಿ.ಪಿ. ನೋಡುವ ಅಭ್ಯಾಸ ಮಾಡಿಸಿ. ನೋವಾಗುವುದಿದ್ದರೆ ನೋವಾಗುತ್ತದೆಂದೇ ಹೇಳಿ. ಸುಳ್ಳು ಹೇಳಿದರೆ ಮುಂದಿನ ಸಲ ನಂಬಿಕೆ ಹೋಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಈ ಹಾಳೆ ಸಿಗಬೇಕು. ಗಡಿಯ ಮನೆಯಲ್ಲಿ ತಾಯಿ ತೆಲುಗಿನಲ್ಲಿ ವಿವರಿಸಿದರೆ ವಿವರಿಸಲಿ. ಹೆದರಿದವನಿಗೆ ಮನೆಮಾತೇ ಆಸರೆ. ಆದರೆ ಇಂಗ್ಲಿಷ್ ಚೀಟಿ ಇಲ್ಲಿ ಯಾವ ತಾಯಿಯ ಮನೆಮಾತು?

ಇದು ಭಿಕ್ಷೆಯಲ್ಲ, ಹಕ್ಕು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, 2016ರ ಕಾಯ್ದೆಯಲ್ಲಿದೆ. ಅದರ 25ನೇ ಕಲಂ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಬೇಗನೆ ಸರದಿ ಕೊಡಿ ಎಂದು ಧೈರ್ಯವಾಗಿ ಕೇಳಿ.

ಪ್ರೆಸ್ಸಿನವನಾಗಿ ಲೆಕ್ಕ ಹೇಳುತ್ತೇನೆ: ರಾಜ್ಯೋತ್ಸವದ ಒಂದು ದೊಡ್ಡ ಬ್ಯಾನರಿನ ದುಡ್ಡಿಗೆ ಇಂಥ ನೂರಾರು ಹಾಳೆ ಅಚ್ಚಾಗುತ್ತವೆ. ಯುವಕರೇ, ಈ ನವೆಂಬರಿನಲ್ಲಿ ಒಂದು ಬ್ಯಾನರ್ ಕಡಿಮೆ ಕಟ್ಟಿ. ಆ ಹಾಳೆಗಳನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಕನ್ನಡ ಅಲ್ಲೂ ಒಬ್ಬನ ಕೈ ಹಿಡಿಯಲಿ!