ವಾಯುನಾಳದಲ್ಲಿ ಹೊಗೆಯ ಕಾವಲು: ಕಟ್ಟಡಗಳ ಒಡೆಯರಲ್ಲಿಯೂ ಅವುಗಳಲ್ಲಿ ಬಾಳುವವರಲ್ಲಿಯೂ ಒಂದು ವಿಜ್ಞಾಪನೆ



ತೆರೆಯಲಾಗದ ಗಾಜಿನ ಗೋಡೆಗಳನ್ನು ಹೊತ್ತ ಆಸ್ಪತ್ರೆಗಳೂ ಕಚೇರಿಗಳೂ ಚಿತ್ರಮಂದಿರಗಳೂ ಮಾಲ್‌ಗಳೂ ನಮ್ಮ ನಗರಗಳಲ್ಲಿ ದಿನೇ ದಿನೇ ತಲೆಯೆತ್ತುತ್ತಿರುವ ಈ ಕಾಲದಲ್ಲಿ, ಅವುಗಳೊಳಗೆ ದುಡಿಯುವವರೂ ಚಿಕಿತ್ಸೆಗಾಗಿ ಮಲಗಿರುವವರೂ ಉಸಿರಾಡುವ ಗಾಳಿಯು ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಹಾದುಹೋಗಿರುವ ತಗಡಿನ ವಾಯುನಾಳದಿಂದಲೇ, ಎಂದರೆ ಕೆಲಸಗಾರರು ಡಕ್ಟ್ ಎನ್ನುವ ಮಾರ್ಗದಿಂದಲೇ, ಬರತಕ್ಕದ್ದಾಗಿದೆ. ಈ ನಾಳದಲ್ಲಿ ಹೊಗೆಯನ್ನು ಗುರುತಿಸುವ ಸ್ಮೋಕ್ ಡಿಟೆಕ್ಟರನ್ನು ಕಡ್ಡಾಯವಾಗಿ ಅಳವಡಿಸಬೇಕೆಂದೂ, ಅದು ಸದ್ದು ಮಾಡಿ ಸುಮ್ಮನಾಗದೆ ಗಾಳಿಯನ್ನು ನೂಕುವ ಫ್ಯಾನನ್ನು ತಾನೇ ನಿಲ್ಲಿಸುವಂತಿರಬೇಕೆಂದೂ, ಹಾಗೆ ನಿಲ್ಲುತ್ತದೆಯೆ ಇಲ್ಲವೆ ಎಂಬುದನ್ನು ಕಣ್ಣಾರೆ ನೋಡುವ ಹಕ್ಕು ಆ ಗಾಳಿಯನ್ನು ಉಸಿರಾಡುವ ಪ್ರತಿಯೊಬ್ಬರಿಗೂ ಉಂಟೆಂದೂ ತಮ್ಮಲ್ಲಿ ನಿವೇದಿಸಿಕೊಳ್ಳುವುದೇ ಈ ಕರಪತ್ರದ ಉದ್ದೇಶ.

2011ರ ಡಿಸೆಂಬರ್ 9ರ ಬೆಳಗಿನ ಜಾವದಲ್ಲಿ ಕೋಲ್ಕತ್ತದ ಢಾಕುರಿಯಾದ ಎ.ಎಂ.ಆರ್.ಐ. ಆಸ್ಪತ್ರೆಯಲ್ಲಿ ನಡೆದುದನ್ನು ಮೊದಲು ನೆನೆಯಬೇಕು. ವಾಹನಗಳನ್ನು ನಿಲ್ಲಿಸಲೆಂದು ಅನುಮತಿ ಪಡೆದಿದ್ದ ನೆಲಮಾಳಿಗೆಯು ಉಗ್ರಾಣವಾಗಿ ಮಾರ್ಪಟ್ಟು, ಅಲ್ಲಿ ಪೇರಿಸಿಟ್ಟಿದ್ದ ಸಾಮಗ್ರಿಗಳಿಗೆ ಬೆಂಕಿ ತಗುಲಿತು. ಹವಾನಿಯಂತ್ರಣದ ನಾಳಗಳು ಆ ಹೊಗೆಯನ್ನು ಮೇಲಿನ ವಾರ್ಡುಗಳಿಗೆ, ಕಾಲು ಕದಲಿಸಲಾರದೆ ಮಲಗಿದ್ದ ರೋಗಿಗಳ ಹಾಸಿಗೆಗಳವರೆಗೆ, ಕೊಂಡೊಯ್ದವು. ಹೊಗೆ ಹೊರಹೋಗಲು ತೆರೆಯುವ ಕಿಟಕಿಗಳಿರಲಿಲ್ಲ. ನೆರೆಯ ಕೊಳೆಗೇರಿಯ ತರುಣರು ಸಹಾಯಕ್ಕೆಂದು ಓಡಿ ಬಂದಾಗ ಕಾವಲಿನವರು ಮೊದಲು ಅವರನ್ನು ಹಿಂದಕ್ಕೆ ಕಳುಹಿಸಿದರು. ಆಮೇಲೆ ಆ ತರುಣರೇ ಗಾಜುಗಳನ್ನೊಡೆದು ಅನೇಕರನ್ನು ಹೊರತಂದರು. ರೋಗಿಗಳನ್ನು ಬಿಟ್ಟು ಬಾರದೆ ಮತ್ತೆ ಮತ್ತೆ ವಾರ್ಡಿಗೆ ಮರಳಿದ ಕೇರಳದ ಇಬ್ಬರು ದಾದಿಯರು ಅಲ್ಲಿಯೇ ಪ್ರಾಣ ನೀಗಿದರು. ಸತ್ತವರು ಸುಮಾರು 90 ಮಂದಿ. ಅವರಲ್ಲಿ ಹೆಚ್ಚಿನವರು ಬೆಂಕಿಯ ನಾಲಗೆಯನ್ನು ಕಣ್ಣಿನಿಂದಲೂ ಕಾಣದೆ ಉಸಿರು ಕಟ್ಟಿ ಸತ್ತರು.

ಇದು ಒಂಟಿ ಪ್ರಸಂಗವೆಂದು ತಿಳಿಯಬಾರದು. 1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಸ್ಸಿನ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿ ಕೆಳಗಿನ ಉಪಾಹಾರಗೃಹವೊಂದರಲ್ಲಿ ಹುಟ್ಟಿದ ಬೆಂಕಿಯಿಂದ ಮಡಿದ 85 ಮಂದಿಯಲ್ಲಿ ಬಹುಪಾಲು ಜನ ಬಹು ಮೇಲಿನ ಅಂತಸ್ತುಗಳಲ್ಲಿ, ಲಿಫ್ಟಿನ ಬಾವಿಯಿಂದಲೂ ಮೆಟ್ಟಿಲುಗಳಿಂದಲೂ ಹವಾನಿಯಂತ್ರಣದ ಮಾರ್ಗದಿಂದಲೂ ಏರಿಬಂದ ಹೊಗೆಗೆ ಬಲಿಯಾದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದೆದ್ದ ಹೊಗೆ ಬಾಲ್ಕನಿಯನ್ನು ತುಂಬಿ 59 ಜನರನ್ನು ಕೊಂದಿತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜೀವಗಳು ಹೋದಾಗ ಹೊಗೆಯ ದಾರಿ ವಿದ್ಯುತ್ ತಂತಿಗಳು ಹಾದುಹೋಗುವ ನಾಳವಾಗಿತ್ತು, ಹವೆಯದಾಗಿರಲಿಲ್ಲ. ಆದರೂ ಗೋಡೆಯೊಳಗಿನ ಟೊಳ್ಳು ದಾರಿಯೊಂದು ಇಡೀ ಕಟ್ಟಡವನ್ನು ಹೇಗೆ ಕತ್ತಲಾಗಿಸಬಲ್ಲದೆಂಬುದನ್ನು ನಮ್ಮ ಊರಿನವರೇ ಕಂಡುಂಡದ್ದು ಆ ಮಧ್ಯಾಹ್ನ.

ಹೊಗೆ ಹೀಗೇಕೆ ಕೊಲ್ಲುತ್ತದೆಂಬುದನ್ನು ತಿಳಿದರೆ ನಾಳದ ಕಾವಲೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಅರೆಬರೆ ಉರಿದ ವಸ್ತುಗಳಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುವುದರಿಂದ, ನಿದ್ರೆಯಲ್ಲಿರುವವನು ಎಚ್ಚರಗೊಳ್ಳುವ ಮೊದಲೇ ಏಳುವ ಶಕ್ತಿಯನ್ನು ಕಳೆದುಕೊಂಡಿರುತ್ತಾನೆ. ಇನ್ನು ಹವಾನಿಯಂತ್ರಣದ ಯಂತ್ರವಾದರೋ, ಹತ್ತಾರು ಕೋಣೆಗಳ ಗಾಳಿಯನ್ನು ಹಿಂದಕ್ಕೆ ಸೆಳೆದು, ತಣಿಸಿ, ಅದೇ ಕೋಣೆಗಳಿಗೆ ಮರಳಿ ನೂಕುವುದನ್ನೇ ತನ್ನ ಧರ್ಮವಾಗಿಸಿಕೊಂಡಿದೆ. ಸೆಳೆದ ಗಾಳಿಯಲ್ಲಿ ವಿಷವಿದೆಯೆ ಅಮೃತವಿದೆಯೆ ಎಂಬ ವಿವೇಚನೆ ಅದಕ್ಕಿಲ್ಲ. ಒಂದು ಮೂಲೆಯ ಕೋಣೆಯಲ್ಲಿ ಹೊತ್ತಿದ ಕಿಡಿಯ ಹೊಗೆಯನ್ನು ಅದು ಯಾವ ದ್ವೇಷವೂ ಇಲ್ಲದೆ ಎಲ್ಲರಿಗೂ ಸಮನಾಗಿ ಹಂಚಿಬಿಡುತ್ತದೆ. ಫ್ಯಾನು ತಿರುಗುತ್ತಿರುವ ತನಕ ಈ ಹಂಚಿಕೆ ನಿಲ್ಲದು.

ಇದನ್ನು ತಡೆಯುವ ಉಪಕರಣ ಬಹು ಸಾಮಾನ್ಯವಾದುದು. ನಾಳದ ಹೊರಮೈಗೆ ಬಿಗಿದ ಒಂದು ಪುಟ್ಟ ಪೆಟ್ಟಿಗೆ. ಅದರಿಂದ ನಾಳದೊಳಕ್ಕೆ ಚಾಚಿದ ಎರಡು ಕೊಳವೆಗಳು. ಉದ್ದನೆಯ ಕೊಳವೆಯ ಮೈಯಲ್ಲಿ ಸಾಲಾಗಿ ಕೊರೆದ ರಂಧ್ರಗಳು ಬರುವ ಗಾಳಿಗೆ ಎದುರಾಗಿ ನಿಲ್ಲಬೇಕು. ಅವುಗಳಿಂದ ಒಳನುಗ್ಗಿದ ಗಾಳಿ ಪೆಟ್ಟಿಗೆಯಲ್ಲಿ ಬೆಳಕಿನ ಕಿರಣವೊಂದನ್ನು ದಾಟಿ ಇನ್ನೊಂದು ಕೊಳವೆಯಿಂದ ಮರಳಿ ನಾಳಕ್ಕೆ ಸೇರುತ್ತದೆ, ಹೊಗೆಯ ಕಣಗಳಿದ್ದರೆ ಕಿರಣ ಚೆದರುತ್ತದೆ, ಚೆದರಿದೊಡನೆ ಎಚ್ಚರಿಕೆ ಹುಟ್ಟುತ್ತದೆ. ಕೊಳವೆಯನ್ನು ತಿರುವುಮುರುವಾಗಿ ಕೂಡಿಸಿದರೆ, ಅಥವಾ ಅದರ ತುದಿಯ ಬಿರಡೆಯನ್ನು ಹಾಕಲು ಮರೆತರೆ, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಬರುವುದಿಲ್ಲ. ನಾಳವು ಬಾಗುವ ಮೂಲೆಯಲ್ಲಿ ಗಾಳಿ ಸುಳಿ ಸುತ್ತುವುದರಿಂದ, ನಾಳದ ಅಗಲದ ಆರು ಪಟ್ಟಿಗಿಂತ ಕಡಮೆಯಿಲ್ಲದಷ್ಟು ನೇರವಾದ ದೂರವನ್ನು ಬಿಟ್ಟು ಇದನ್ನು ಕೂಡಿಸುವುದು ಬಲ್ಲವರ ಪದ್ಧತಿ. ಆದುದರಿಂದ ದೀಪ ನೋಡಿ ತೃಪ್ತರಾಗದೆ, ಎರಡು ಕೊಳವೆಗಳ ನಡುವಿನ ಒತ್ತಡದ ವ್ಯತ್ಯಾಸವನ್ನು ಅಳೆದು, ಗಾಳಿ ನಿಜವಾಗಿಯೂ ಹರಿಯುತ್ತಿದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅಮೆರಿಕದಲ್ಲಿ ಪ್ರಚಲಿತವಾಗಿರುವ ಎನ್.ಎಫ್.ಪಿ.ಎ. 90ಎ ಎಂಬ ನಿಯಮಾವಳಿಯು, ನಿಮಿಷಕ್ಕೆ 2,000 ಘನ ಅಡಿಗಿಂತ ಹೆಚ್ಚು ಗಾಳಿಯನ್ನು ನೂಕುವ ಯಂತ್ರದ ಪೂರೈಕೆಯ ನಾಳದಲ್ಲಿ, ಫಿಲ್ಟರಿನ ಆಚೆಗೆ, ಇಂಥ ಡಿಟೆಕ್ಟರ್ ಇರಬೇಕೆಂದು ಬಹುಕಾಲದಿಂದ ವಿಧಿಸಿದೆ. ಫಿಲ್ಟರಿನ ಆಚೆಗೇ ಏಕೆಂದರೆ, ಧೂಳು ಮೆತ್ತಿದ ಫಿಲ್ಟರಿಗೇ ಬೆಂಕಿ ಹತ್ತುವುದುಂಟು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವೂ ನಾಳಗಳು ಅಂತಸ್ತುಗಳನ್ನೂ ಅಗ್ನಿನಿರೋಧಕ ಗೋಡೆಗಳನ್ನೂ ದಾಟುವೆಡೆಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ಡ್ಯಾಂಪರುಗಳನ್ನು ಹೇಳಿದೆ. ಆದರೆ ಸಂಹಿತೆಯು ತನ್ನಷ್ಟಕ್ಕೆ ಶಿಫಾರಸು ಮಾತ್ರವಾಗಿದ್ದು, ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ತಮ್ಮ ನಿಯಮಗಳಲ್ಲಿ ಅಂಗೀಕರಿಸಿದಲ್ಲಿ ಮಾತ್ರ ಬಲ ಪಡೆಯುತ್ತದೆ. ಹೊಸ ಕಟ್ಟಡಕ್ಕೆ ಅನುಮತಿ ದೊರೆತ ದಿನದ ನಿಷ್ಠೆ ಹತ್ತು ವರ್ಷಗಳ ಮೇಲೂ ಉಳಿಯುವಂತೆ ನೋಡಿಕೊಳ್ಳುವವರು ಕಟ್ಟಡದೊಳಗಿನವರೇ ಆಗಬೇಕಾಗಿದೆ.

ಕೋಣೆಗಳ ಮಾಡಿನಲ್ಲಿ ಈಗಾಗಲೇ ಡಿಟೆಕ್ಟರುಗಳಿರುವಾಗ ನಾಳದಲ್ಲಿ ಮತ್ತೇಕೆಂದು ಕೆಲವರು ಕೇಳುವುದುಂಟು. ಮಾಡಿನ ಡಿಟೆಕ್ಟರ್ ಅವಶ್ಯವೇ ಸರಿ. ನಾಳದ್ದು ಅದಕ್ಕೆ ಬದಲಿಯಾಗಲಾರದು, ಏಕೆಂದರೆ ಫ್ಯಾನು ನಿಂತಿರುವ ರಾತ್ರಿ ನಾಳದಲ್ಲಿ ಗಾಳಿಯೇ ಚಲಿಸದೆ ಅದು ಏನನ್ನೂ ಅರಿಯದು, ಹಲವು ಕೋಣೆಗಳ ಗಾಳಿಯಲ್ಲಿ ಬೆರೆತ ಹೊಗೆ ತೆಳುವಾಗಿ ಅದಕ್ಕೆ ತಡವಾಗಿ ತಿಳಿಯುವುದೂ ಉಂಟು. ಆದರೆ ಕೋಣೆಯ ಡಿಟೆಕ್ಟರ್ ಆ ಕೋಣೆಯವರನ್ನು ಎಚ್ಚರಿಸುತ್ತದೆ. ಬೆಂಕಿಯಿಲ್ಲದ ಕೋಣೆಗಳವರಿಗೆ ಹೊಗೆ ಹೋಗದಂತೆ ತಡೆಯುವವರು ಯಾರು? ಸುಳ್ಳು ಎಚ್ಚರಿಕೆಗಳ ಕಾಟವೆಂಬ ದೂರು ಇದಕ್ಕಿಂತ ಗಂಭೀರವಾದುದು, ಏಕೆಂದರೆ ಅದು ನಿಜ. ಧೂಳು ತುಂಬಿದ ಪೆಟ್ಟಿಗೆ ಅಕಾಲದಲ್ಲಿ ಕೂಗುತ್ತದೆ, ಸೆಕೆಯಲ್ಲಿ ಎ.ಸಿ. ನಿಂತು ಜನ ಗೊಣಗುತ್ತಾರೆ, ಮೆಂಟೆನೆನ್ಸಿನವನು ಮೇಲಿನವರ ಬೈಗಳಿಗೆ ಅಂಜಿ ಫ್ಯಾನಿಗೆ ಹೋಗುವ ತಂತಿಯನ್ನು ಕಳಚಿಡುತ್ತಾನೆ. ಆ ಕ್ಷಣದಿಂದ ಆ ಉಪಕರಣ ತನ್ನ ಅತಿಮುಖ್ಯ ಕಾರ್ಯವನ್ನು ಕಳೆದುಕೊಂಡಿತು. ಕಾಗದದಲ್ಲಿ ಮಾತ್ರ ಅದು ಇದೆ. ಈ ಅಪರಾಧವನ್ನು ಆ ಬಡ ನೌಕರನ ತಲೆಗೆ ಕಟ್ಟುವುದು ಅನ್ಯಾಯ. ಪೆಟ್ಟಿಗೆಯನ್ನು ಶುಚಿ ಮಾಡಲು ಫಾಲ್ಸ್ ಸೀಲಿಂಗಿನಲ್ಲಿ ಕೈ ತೂರುವಷ್ಟು ಬಾಗಿಲನ್ನೂ ಬಿಡದೆ, ಸೂಚಕ ದೀಪವೊಂದನ್ನು ಕಣ್ಣಿಗೆ ಬೀಳುವ ಗೋಡೆಯಲ್ಲಿ ಇರಿಸದೆ, ಅಂದಕ್ಕಾಗಿ ಎಲ್ಲವನ್ನೂ ಮುಚ್ಚಿದವರದೇ ಅದರ ಹೊಣೆ.

ಆದುದರಿಂದ ಆಸ್ಪತ್ರೆಯ ನೌಕರರ ಸಂಘದವರೂ ಕಚೇರಿಯ ಸಿಬ್ಬಂದಿಯೂ ಮಳಿಗೆಗಳ ಬಾಡಿಗೆದಾರರೂ ತಮ್ಮ ಮುಂದಿನ ಸಭೆಯಲ್ಲಿ ಒಡೆಯರನ್ನು ಒಂದು ಪ್ರದರ್ಶನಕ್ಕಾಗಿ ಕೇಳಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ: ಎಲ್ಲರೂ ನೋಡುತ್ತಿರುವಾಗ ನಾಳದ ಡಿಟೆಕ್ಟರಿಗೆ ಪರೀಕ್ಷೆಯ ಹೊಗೆಯನ್ನು ಬಿಡಲಿ, ಫೈರ್ ಪ್ಯಾನೆಲಿನಲ್ಲಿ ಯಾವ ಅಂತಸ್ತಿನ ಹೆಸರು ಮೂಡಿತು, ಫ್ಯಾನು ನಿಂತಿತೆ, ಡ್ಯಾಂಪರಿನ ರೆಕ್ಕೆ ಪೂರ್ತಿ ಮುಚ್ಚಿತೆ ಎಂಬುದನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಲಿ. ತಪ್ಪಿಸಿಕೊಳ್ಳುವ ಮೆಟ್ಟಿಲುಗಳಿಗೆ ಶುದ್ಧ ಗಾಳಿಯನ್ನು ತುಂಬಿ ಹೊಗೆಯನ್ನು ಹೊರಗಿಡುವ ಫ್ಯಾನುಗಳು ಈ ಆಜ್ಞೆಗೆ ಒಳಪಡದೆ ತಿರುಗುತ್ತಲೇ ಇರಬೇಕೆಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಲಿ. ಕಳಚಿದ ತಂತಿಯೊಂದು ಕಂಡುಬಂದರೆ ಅದೇ ದಿನ ಮರಳಿ ಜೋಡಿಸಬೇಕು. ಜೋಡಿಸಲು ಒಂದೆರಡು ದಿನ ಹಿಡಿಯುವುದಾದರೆ, ಅಷ್ಟು ರಾತ್ರಿಗಳೂ ಫ್ಯಾನಿನ ಸ್ವಿಚ್ಚಿನ ಬಳಿ, ಅದನ್ನು ಯಾವಾಗ ಆರಿಸಬೇಕೆಂದು ಬಲ್ಲ ಒಬ್ಬ ಮನುಷ್ಯನನ್ನು ಸಂಬಳ ಕೊಟ್ಟು ಕೂರಿಸಬೇಕು.