ಎತ್ತರ ಮಾಡಿದ ಜೀಪು ನಡುಗುವುದು ‘ಸಹಜ’ವೇ? ಪಿನಿಯನ್ ಕೋನದ ಬಗ್ಗೆ ಗೊತ್ತಿರಬೇಕಾದದ್ದು

“ಲಿಫ್ಟ್ ಮಾಡಿದ ಗಾಡಿ ಅಂದ್ಮೇಲೆ ಸ್ವಲ್ಪ ನಡುಗುತ್ತೆ, ತಲೆ ಕೆಡಿಸ್ಕೋಬೇಡಿ.” “ಆಕ್ಸಲ್ ಬದಲಿಸುವಾಗ ಪಿನಿಯನ್ ಮೂತಿಯನ್ನು ನೇರವಾಗಿ ಗೇರ್‌ಬಾಕ್ಸ್ ಕಡೆ ತಿರುಗಿಸಿ ವೆಲ್ಡ್ ಮಾಡಿ, ಮುಗೀತು.” ಆಫ್‌ರೋಡ್ ಗ್ರೂಪ್‌ಗಳಲ್ಲಿ ಇರುವವರಿಗೆ ಈ ಎರಡು ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತವೆ. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ. ಅರ್ಧ ಸರಿಯಾದ ಸಲಹೆಯೇ ಹೆಚ್ಚು ಗಾಡಿಗಳನ್ನು ಕೆಡಿಸುವುದು.

ಇಂತಹ ಕೆಲಸ ಹೆಚ್ಚಾಗಿ ನಡೆಯುವುದು ಅಮೆರಿಕದಲ್ಲಿ, ನಮಗೆ ಬರುವ ವಿಡಿಯೊಗಳಲ್ಲೂ ಬಹಳಷ್ಟು ಅಲ್ಲಿನವೇ. ಹಾಗಾಗಿ ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳೋಣ. 1984ರಿಂದ 2001ರವರೆಗೆ ಅಲ್ಲಿ ಮಾರಾಟವಾದ ಜೀಪ್ ಚೆರೋಕಿಗಳಲ್ಲಿ (ಎಕ್ಸ್‌ಜೆ ಮಾದರಿ) ಅನೇಕಕ್ಕೆ ಹಿಂದುಗಡೆ ಡಾನಾ 35 ಎಂಬ ಸಾಧಾರಣ ಬಲದ ಆಕ್ಸಲ್ ಇತ್ತು. ದೊಡ್ಡ ಟೈರು ಹಾಕುವವರು ಅದನ್ನು ಕಿತ್ತು, ಗುಜರಿಯಲ್ಲಿ ಸಿಗುವ ಫೋರ್ಡ್ ಎಕ್ಸ್‌ಪ್ಲೋರರ್‌ನ ‘8.8’ ಆಕ್ಸಲ್ ಕೂರಿಸುತ್ತಾರೆ. ಒಳಗಿನ ದೊಡ್ಡ ಹಲ್ಲುಚಕ್ರದ ವ್ಯಾಸ 8.8 ಇಂಚು, ಅದಕ್ಕೇ ಆ ಹೆಸರು. 1995ರಿಂದ ಈಚಿನದಕ್ಕೆ ಡಿಸ್ಕ್ ಬ್ರೇಕೂ ಇರುತ್ತದೆ. ಆದರೆ ಫೋರ್ಡ್ ಆಕ್ಸಲ್ ಮೇಲಿನ ಸ್ಪ್ರಿಂಗ್ ಕೂರುವ ಪೀಠಗಳು ಚೆರೋಕಿಗೆ ಹೊಂದುವುದಿಲ್ಲ. ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು. ಆಗ ಆಕ್ಸಲ್ಲನ್ನು ಯಾವ ಕಡೆಗೆ ಎಷ್ಟು ತಿರುಗಿಸಿ ವೆಲ್ಡ್ ಮಾಡುತ್ತೀರೋ ಅದೇ ಪಿನಿಯನ್ ಕೋನ. ಎಂಜಿನ್ನಿನ ಶಕ್ತಿಯನ್ನು ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವುದು ಈ ಪಿನಿಯನ್ನಿನ ಮೂತಿಗೆ.

ಕೋನ ತಪ್ಪಿದರೆ ನಡುಗುವುದೇಕೆ?

ಶಾಫ್ಟಿನ ಎರಡೂ ತುದಿಯಲ್ಲಿ ಯುನಿವರ್ಸಲ್ ಜಾಯಿಂಟ್ ಇರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ‘ಕ್ರಾಸ್’ ಅನ್ನುವುದು ಇದರ ಒಳಗಿನ ಕೂಡು ಆಕಾರದ ತುಂಡಿಗೆ. 17ನೇ ಶತಮಾನದಲ್ಲೇ ರಾಬರ್ಟ್ ಹುಕ್ ಇದನ್ನು ಬಳಸಿದ್ದ, ಇಂದಿಗೂ ಇದನ್ನು ಹುಕ್ ಜಾಯಿಂಟ್ ಅನ್ನುವವರಿದ್ದಾರೆ. ಇದರಲ್ಲಿ ಒಂದು ವಿಚಿತ್ರವಿದೆ. ಬಾಗಿದ ಸ್ಥಿತಿಯಲ್ಲಿ ಒಂದು ಬದಿಯನ್ನು ಒಂದೇ ಸಮ ವೇಗದಲ್ಲಿ ತಿರುಗಿಸಿದರೂ ಇನ್ನೊಂದು ಬದಿ ಸಮವಾಗಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ.

ಎಷ್ಟು? 3.73 ಅನುಪಾತದ ಆಕ್ಸಲ್, 31 ಇಂಚಿನ ಟೈರು ಇರುವ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಜಾಯಿಂಟ್ 10 ಡಿಗ್ರಿ ಬಾಗಿದ್ದರೆ ಅದರ ಆಚೆ ಬದಿಯ ವೇಗ 1970 ಮತ್ತು 2031ರ ನಡುವೆ ಓಲಾಡುತ್ತದೆ, ಅದೂ ಸೆಕೆಂಡಿಗೆ ಸುಮಾರು 67 ಸಲ. ಆ ಗುಂಯ್ ಅನ್ನುವ ನಡುಕ ಇದೇ.

ಇದಕ್ಕೆ ಮದ್ದು ಇನ್ನೊಂದು ಜಾಯಿಂಟ್. ಎರಡೂ ತುದಿಯ ಕೋನ ಸಮವಾಗಿದ್ದರೆ ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಕಳೆದುಹಾಕುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ದಂಡ ಹಿಂದಕ್ಕೆ 4 ಡಿಗ್ರಿ ಇಳಿದಿದೆ, ಪ್ರೊಪೆಲ್ಲರ್ ಶಾಫ್ಟ್ 14 ಡಿಗ್ರಿ ಇಳಿಜಾರಿನಲ್ಲಿದೆ ಅಂತಿಟ್ಟುಕೊಳ್ಳಿ. ಮೇಲಿನ ಜಾಯಿಂಟ್ 10 ಡಿಗ್ರಿ ಬಾಗಿದೆ. ಪಿನಿಯನ್ ಮೂತಿ 4 ಡಿಗ್ರಿ ಮೇಲಕ್ಕಿದ್ದರೆ ಕೆಳಗಿನದೂ 10 ಡಿಗ್ರಿ. ಲೆಕ್ಕ ಚುಕ್ತಾ. ಈಗ ಗ್ರೂಪಿನ ಸಲಹೆ ಕೇಳಿ ಮೂತಿಯನ್ನು ನೇರ ಶಾಫ್ಟಿನ ಸಾಲಿಗೆ, ಅಂದರೆ 14 ಡಿಗ್ರಿಗೆ ಎತ್ತಿದಿರಿ. ಕೆಳಗಿನ ಜಾಯಿಂಟ್ ನೋಡಲು ಚೆನ್ನಾಗಿ ನೇರವಾಗಿದೆ, ಆದರೆ ಮೇಲಿನ 10 ಡಿಗ್ರಿಯನ್ನು ಕಳೆಯುವವರೇ ಇಲ್ಲ.

ಹಾಗಾದರೆ ಆ ಸಲಹೆ ಹುಟ್ಟಿದ್ದೆಲ್ಲಿ? ಎತ್ತರ ಮಾಡಿದ ಚೆರೋಕಿಗಳಲ್ಲಿ ಅನೇಕರು ಶಾಫ್ಟನ್ನೂ ಬದಲಿಸುತ್ತಾರೆ. ಹೊಸದರಲ್ಲಿ ಟ್ರಾನ್ಸ್‌ಫರ್ ಕೇಸಿನ ಕಡೆ ಎರಡು ಕ್ರಾಸ್‌ಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ, ಇದಕ್ಕೆ ಡಬಲ್ ಕಾರ್ಡನ್ ಅನ್ನುತ್ತಾರೆ. ಅವೆರಡೂ ತಮ್ಮೊಳಗೇ ಏರುಪೇರು ಸರಿಪಡಿಸಿಕೊಳ್ಳುವುದರಿಂದ ಕೆಳಗಿನ ಒಂಟಿ ಜಾಯಿಂಟ್ ಬಾಗಲೇಬಾರದು. ಅಂಥ ಶಾಫ್ಟಿಗೆ ಮಾತ್ರ ಮೂತಿ ಶಾಫ್ಟಿನ ಸಾಲಿಗೆ ಇರಬೇಕು. ವಿಡಿಯೊ ಮಾಡಿದವರ ಶಾಫ್ಟ್ ಯಾವುದು ಎಂಬ ಒಂದು ಸಾಲು ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ. ನಿಮ್ಮ ಗಾಡಿಯ ಕೆಳಗೆ ಮಲಗಿ ಎಷ್ಟು ಕ್ರಾಸ್ ಇವೆ ಎಂದು ಎಣಿಸಿ: ಎರಡಾದರೆ ಸಮಾನಾಂತರ, ಮೂರಾದರೆ ನೇರ.

ಎರಡರಲ್ಲೂ ಒಂದೆರಡು ಡಿಗ್ರಿ ಕಡಿಮೆಯೇ ಇಟ್ಟುಕೊಳ್ಳುವುದು ವಾಡಿಕೆ. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಮುಂದಕ್ಕೆ ತಿರುಗುವ ಬಲಕ್ಕೆ ಪ್ರತಿಯಾಗಿ ಪಿನಿಯನ್ ಮೂತಿ ಮೇಲೇಳುತ್ತದೆ. ಲೀಫ್ ಸ್ಪ್ರಿಂಗಿನ ಪಟ್ಟಿಗಳು ತಿರುಚಿಕೊಳ್ಳುವುದರಿಂದ ಅವುಗಳಲ್ಲಿ ಇದು ಇನ್ನೂ ಹೆಚ್ಚು.

ಅಳೆಯುವಾಗ ಆಗುವ ಎಡವಟ್ಟು

ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ, ಚಕ್ರ ನೇತಾಡುವಾಗ ಕೋನ ನೋಡಿ ವೆಲ್ಡ್ ಮಾಡುವುದು ಸಾಮಾನ್ಯ ತಪ್ಪು. ಕೆಳಗಿಳಿಸಿದ ಕೂಡಲೇ ಸ್ಪ್ರಿಂಗ್ ಕೂತು ಲೆಕ್ಕವೆಲ್ಲ ಬದಲಾಗುತ್ತದೆ. ಪೀಠಗಳನ್ನು ವೆಲ್ಡ್ ಮಾಡದೆ ಹಾಗೇ ಇಟ್ಟು, ಯು ಬೋಲ್ಟ್ ಅರ್ಧ ಬಿಗಿದು, ಪೂರ್ತಿ ತೂಕ ಚಕ್ರದ ಮೇಲೆ ಬಂದ ನಂತರವೇ ಮೂತಿಯನ್ನು ಜಾಕಿನಿಂದ ನಿಧಾನಕ್ಕೆ ಸರಿ ಕೋನಕ್ಕೆ ತರಬೇಕು. ಆಮೇಲೆ ಅಲ್ಲಲ್ಲಿ ಚುಕ್ಕೆ ವೆಲ್ಡ್, ಮತ್ತೊಮ್ಮೆ ಅಳತೆ, ಹೊರತೆಗೆದು ಪೂರ್ತಿ ವೆಲ್ಡ್. ಒಂದೇ ಉಸಿರಿಗೆ ವೆಲ್ಡ್ ಎಳೆದರೆ ಬಿಸಿಗೆ ಆಕ್ಸಲ್ ಕೊಳವೆ ಬಾಗುತ್ತದೆ. ಕೋನ ನೋಡಲು ಫೋನಿನ ಲೆವೆಲ್ ಆ್ಯಪ್ ಸಾಕಾಗುತ್ತದೆ. ಕವರ್ ತೆಗೆದು, ಯಂತ್ರದಲ್ಲಿ ಕಡೆದ ನುಣುಪು ಮೇಲ್ಮೈಗೆ ಹಚ್ಚಿ ಹಿಡಿಯಬೇಕು ಅಷ್ಟೇ.

ಶಾಫ್ಟ್ ಬಿಚ್ಚುವ ಮುನ್ನ ಎರಡೂ ತುಂಡಿಗೆ ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಜಾರುವ ಭಾಗವನ್ನು ಒಂದು ಹಲ್ಲು ಆಚೀಚೆ ಸೇರಿಸಿದರೂ ಎರಡು ಕ್ರಾಸ್‌ಗಳ ತಾಳ ತಪ್ಪುತ್ತದೆ. ಕೋನ ಸರಿಯಿದ್ದೂ ನಡುಗುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಮುಂದಿನ ಆಕ್ಸಲ್ಲಿನ ತಕರಾರು ಬೇರೆ. ಅಲ್ಲಿ ಪಿನಿಯನ್ ಎತ್ತಿದಷ್ಟೂ ಸ್ಟೀರಿಂಗನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕಡಿಮೆಯಾಗಿ, ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಕ್ಯಾಸ್ಟರ್ ಉಳಿಸಿಕೊಳ್ಳುವುದೇ ಸರಿ. ಮುಂದಿನ ಶಾಫ್ಟ್ ಹೆಚ್ಚಾಗಿ ದುಡಿಯುವುದು ನಿಧಾನ ವೇಗದಲ್ಲಿ.

ನಮ್ಮೂರ ಜೀಪುಗಳಿಗೂ ಇದು ಅನ್ವಯಿಸುತ್ತದೆಯೇ?

ಖಂಡಿತ. ಮಲೆನಾಡು, ಕೊಡಗಿನ ತೋಟಗಳಲ್ಲಿ ಓಡಾಡುವ ಹಳೆಯ ಜೀಪುಗಳು ಲೀಫ್ ಸ್ಪ್ರಿಂಗಿನವೇ. ಆಕ್ಸಲ್ ಬದಲಿಸದಿದ್ದರೂ, ಹಿಂದಿನ ಪಟ್ಟಿಯ ಹಿಂತುದಿಯಲ್ಲಿರುವ ಶ್ಯಾಕಲ್ಲನ್ನು ಉದ್ದ ಮಾಡಿ ಎತ್ತರಿಸಿದರೆ ಪಿನಿಯನ್ ಮೂತಿ ತಾನಾಗಿ ಮೇಲಕ್ಕೆ ತಿರುಗುತ್ತದೆ. ಒಂದೆರಡು ಡಿಗ್ರಿ ವ್ಯತ್ಯಾಸವಾದರೆ ಸ್ಪ್ರಿಂಗ್ ಮತ್ತು ಪೀಠದ ನಡುವೆ ಉಕ್ಕಿನ ಬೆಣೆ ಹಾಕಿ ಸರಿಪಡಿಸಬಹುದು. ಸಾರ್ವಜನಿಕ ರಸ್ತೆಯ ಗಾಡಿಯಾದರೆ ಇನ್ನೊಂದು ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಈಗಾಗಲೇ ನಡುಗುತ್ತಿದ್ದರೆ?

ಟೈರ್ ಬ್ಯಾಲೆನ್ಸ್ ದೋಷವಾದರೆ 80ರ ವೇಗದಲ್ಲಿ ನಡುಕ ಸೆಕೆಂಡಿಗೆ 9 ಸಲ ಬರುತ್ತದೆ, ಕೈಗೆ ಎಣಿಸುವಂತೆ ತಿಳಿಯುತ್ತದೆ. ಶಾಫ್ಟಿನದು ಫೋನ್ ವೈಬ್ರೇಟ್ ಆದಂತೆ ಸಣ್ಣದಾಗಿ, ಸೀಟಿನ ಕೆಳಗಿಂದ ಬರುತ್ತದೆ. ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ. ಒತ್ತಿದಾಗ ಹೆಚ್ಚಾಗಿ ಬಿಟ್ಟಾಗ ಇಳಿದರೆ, ಅಥವಾ ಉಲ್ಟಾ ಆದರೆ, ಮೊದಲ ಅನುಮಾನ ಪಿನಿಯನ್ ಕೋನದ ಮೇಲಿರಲಿ. ಜತೆಗೆ ಕ್ರಾಸಿನ ಕಪ್‌ಗಳ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಗ್ರೀಸ್ ಮುಗಿದು ಬೇರಿಂಗ್ ಸವೆಯುತ್ತಿದೆ ಎಂದರ್ಥ. ಅಂಥ ಕ್ರಾಸ್ ವೇಗದಲ್ಲಿ ಮುರಿದರೆ ಕಳಚಿದ ಶಾಫ್ಟ್ ಗಾಡಿಯ ತಳಕ್ಕೆ ಬಡಿಯುತ್ತದೆ, ಮುಂದಿನ ತುದಿ ಕಳಚಿದರೆ ರಸ್ತೆಗೆ ನೆಟ್ಟು ಗಾಡಿಯನ್ನೇ ಎತ್ತಬಲ್ಲದು. ಆ ಪುಡಿ ಕಂಡ ದಿನ ಗಾಡಿಯನ್ನು ಹೆದ್ದಾರಿಗೆ ತೆಗೆಯಬೇಡಿ.