ಗುಪ್ತಚರರ ಮೇಲೆ ಸಂಸತ್ತಿನ ಕಣ್ಣಿರಲಿ



ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ, 1988ರಲ್ಲಿ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕದ್ದು ಕೇಳಲು ಒಪ್ಪಿಗೆ ಕೊಡುವವರು ಯಾರು, ಆ ಒಪ್ಪಿಗೆ ಸರಿಯೇ ಎಂದು ನೋಡುವವರು ಯಾರು ಎಂಬುದು ಆಗಲೇ ಇತ್ಯರ್ಥವಾಗಬೇಕಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪಿಯುಸಿಎಲ್ ತೀರ್ಪು ಕೆಲವು ಕಟ್ಟುಪಾಡು ಹಾಕಿತು, ನಿಜ. ಆದರೂ ಕೇಂದ್ರದಲ್ಲಿ ಆದೇಶ ಹೊರಡಿಸುವುದು ಗೃಹ ಕಾರ್ಯದರ್ಶಿ, ಪರಿಶೀಲಿಸುವುದು ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ. ಅದರಲ್ಲಿ ನ್ಯಾಯಾಧೀಶರಿಲ್ಲ, ಸಂಸದರೂ ಇಲ್ಲ. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡ ಹಾಗಾಯಿತು.

ಗುಪ್ತಚರ ಸಂಸ್ಥೆಗಳ ಪೈಕಿ 1887ರಷ್ಟು ಹಳೆಯ ಐಬಿಗಾಗಲಿ, 1968ರಲ್ಲಿ ಹುಟ್ಟಿದ ರಾ ಸಂಸ್ಥೆಗಾಗಲಿ ಸಂಸತ್ತು ರೂಪಿಸಿದ ಪ್ರತ್ಯೇಕ ಕಾಯ್ದೆಯೇ ಇಲ್ಲ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಮಾಹಿತಿ ಹಕ್ಕೂ ಅವುಗಳಿಗೆ ಅನ್ವಯಿಸದು. ಇವನ್ನು ಕಾನೂನಿನ ಚೌಕಟ್ಟಿಗೆ ತರಲು ಸಂಸದ ಮನೀಶ್ ತಿವಾರಿ 2011ರಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಪೆಗಾಸಸ್ ಗೂಢಚರ್ಯೆ ತಂತ್ರಾಂಶದ ಬಳಕೆಯ ಆರೋಪದ ತನಿಖೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಗೇ ಕೇಂದ್ರ ಸಹಕರಿಸಲಿಲ್ಲವೆಂದು 2022ರಲ್ಲಿ ತೆರೆದ ನ್ಯಾಯಾಲಯದಲ್ಲಿ ಕೇಳಿದೆವು. ಅದಕ್ಕಿಂತ ಕಳವಳದ ಸಂಗತಿ ಬೇರೇನಿದೆ?

ಸಂಸತ್ತಿನ ಕಣ್ಣಿದ್ದರೆ ಗುಟ್ಟು ಬಯಲಾಗುತ್ತದೆಂಬ ಭಯ ಒಪ್ಪತಕ್ಕದ್ದಲ್ಲ. ಬ್ರಿಟನ್‌ನಲ್ಲಿ 1994ರಿಂದ ಸಂಸದರ ಗುಪ್ತಚರ ಸಮಿತಿಯಿದೆ, ವಿರೋಧ ಪಕ್ಷದವರೂ ಅದರಲ್ಲಿ ಕೂರುತ್ತಾರೆ. 2016ರ ಕಾಯ್ದೆಯ ಪ್ರಕಾರ ಸಚಿವರ ಕದ್ದಾಲಿಕೆ ಆದೇಶಕ್ಕೆ, ತೀರಾ ತುರ್ತಿನ ಹೊರತು, ನ್ಯಾಯಿಕ ಆಯುಕ್ತರ ಒಪ್ಪಿಗೆ ಮೊದಲೇ ಬೇಕು. ಅಲ್ಲಿನ ಗುಪ್ತಚರರೇನೂ ಕೈಕಟ್ಟಿ ಕುಳಿತಿಲ್ಲ. ಕರ್ನಾಟಕದ ಸಂಸದರು, ಯಾವ ಪಕ್ಷದವರೇ ಆಗಲಿ, ಇಂಥ ಮೇಲ್ವಿಚಾರಣೆಗೆ ಅವಕಾಶ ಕೊಡುವ ಮಸೂದೆಯೊಂದನ್ನು ಬರುವ ಅಧಿವೇಶನದಲ್ಲೇ ಮಂಡಿಸಬೇಕು.

– ಓದುಗರೊಬ್ಬರು, ಶಿವಮೊಗ್ಗ